ಆಸಿಡ್ ಹಾಕದ ಬಾಟಲಿಗಳು

ನೀರಿನ ಮಾದರಿ ಹಿಡಿಯುವ ಮೊದಲು ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಿಸಬೇಕು. ಇದು ಎಲ್ಲ ಕೈಪಿಡಿಗಳಲ್ಲೂ ಇರುವ ಮಾತು. ಹೆಚ್ಚಿನವರು ಒಂದು ಸಲ ಜಾಲಿಸುತ್ತಾರೆ, ಬಿಸಿಲಿದ್ದರೆ ಅದೂ ಇಲ್ಲ. ನಮ್ಮ ಪ್ರಯೋಗಾಲಯಕ್ಕೆ ಇಪ್ಪತ್ತಾರು ವರ್ಷ ಬಾವಿ, ಹೊಳೆ, ನಲ್ಲಿಗಳ ನೀರು ಹಿಡಿದು ತಂದ ಮನುಷ್ಯ ಮಾತ್ರ ಒಂದು ದಿನವೂ ಎರಡಕ್ಕೆ ನಿಲ್ಲಿಸಿದವರಲ್ಲ. ಅದಕ್ಕೇ ಎಲ್ಲರೂ ಅವರನ್ನು ಮೂರ್ಸಲಣ್ಣ ಎನ್ನುತ್ತಿದ್ದರು. ಚಹಾದ ಲೋಟವನ್ನೂ ಮೂರು ಸಲ ತೊಳೆಯುತ್ತಿದ್ದರು. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದರು. "ಮದುವೆ ಒಂದೇ ಸಲ ಆದ್ರಲ್ಲಣ್ಣ?" ಎಂದು ಯಾರೋ ಛೇಡಿಸಿದಾಗ, "ಅವಳೊಬ್ಬಳೇ ಮೂರು ಜನಕ್ಕೆ ಸಮ, ಅದಕ್ಕೆ ಬಿಟ್ಟೆ" ಎಂದಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ತಮಾಷೆಯನ್ನು ಯಾರೂ ಎತ್ತಲಿಲ್ಲ.

ನಾನು ಅಲ್ಲಿ ಉಪಕರಣ ನಡೆಸುತ್ತಿದ್ದೆ. ಅವರು ತಂದ ನೀರನ್ನು ಸಣ್ಣ ಕೊಳವೆಯಿಂದ ಹೀರಿ, ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಹೇಳುವ ಯಂತ್ರ ಅದು. ಅವರಿಗೆ ನಾನು 'ಮಿಷಿನ್ ಸಾರ್'.

ಓದಿದ್ದು ಹತ್ತನೆಯ ತರಗತಿ. ಆದರೆ ತಾನು ಮಾಡುವ ಪ್ರತಿಯೊಂದು ಕೆಲಸ ಯಾಕೆ ಎಂದು ಅವರಿಗೆ ಗೊತ್ತಿತ್ತು. ಕಲಿಸಿದವಳು ಒಬ್ಬ ಹುಡುಗಿ. ಹತ್ತೊಂಬತ್ತು ವರ್ಷದ ಹಿಂದೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಬಂದಿದ್ದಳಂತೆ. ಹೊಳೆಯ ಪಾಚಿ ಕಲ್ಲಿನ ಮೇಲೆ ಬೀಳದೆ ಕಾಲಿಡುವುದನ್ನು ಅವರು ಅವಳಿಗೆ ಹೇಳಿಕೊಟ್ಟರು. ಬಾಟಲಿಗೆ ಸ್ಥಳದಲ್ಲೇ ಆಸಿಡ್ ಯಾಕೆ ಹಾಕಬೇಕು ಎಂಬುದನ್ನು ಅವಳು ಅವರಿಗೆ ಹೇಳಿಕೊಟ್ಟಳು. ಸೀಸದಂಥ ಲೋಹ ನೀರಿನಲ್ಲಿ ಸುಮ್ಮನೆ ಇರುವುದಿಲ್ಲ. ತುಕ್ಕಿನ ಕಣಕ್ಕೆ ಅಂಟುತ್ತದೆ, ಬಾಟಲಿಯ ಗೋಡೆಗೆ ಅಂಟುತ್ತದೆ. ಬಾಟಲಿ ಪ್ರಯೋಗಾಲಯ ಸೇರುವ ಹೊತ್ತಿಗೆ ಮೇಲಿನ ನೀರು ಶುದ್ಧವಾಗಿ ಕಾಣುತ್ತದೆ, ಯಂತ್ರ ಆ ನೀರನ್ನೇ ಹೀರಿ 'ಏನೂ ಇಲ್ಲ' ಎನ್ನುತ್ತದೆ. ನೀರು ಹಿಡಿದ ತಕ್ಷಣ ಕೆಲವು ಹನಿ ನೈಟ್ರಿಕ್ ಆಮ್ಲ ಬಿಟ್ಟರೆ ತುಕ್ಕೂ ಕರಗುತ್ತದೆ, ಸೀಸವೂ ನೀರಿಗೆ ಬರುತ್ತದೆ.

"ಅಣ್ಣ, ಆಸಿಡ್ ಹಾಕಿಲ್ಲ ಅಂದ್ರೆ ಬಾಟಲಿ ಸುಳ್ಳು ಹೇಳುತ್ತೆ" ಎಂದು ಅವಳು ಅಂದಿದ್ದಳಂತೆ. ಈ ಮಾತನ್ನು ಅವರು ನನಗೇ ಕನಿಷ್ಠ ಹತ್ತು ಸಲ ಹೇಳಿದ್ದಾರೆ.

ಆ ಹುಡುಗಿ ಡಾಕ್ಟರೇಟ್ ಪಡೆದಳು, ವಿಜ್ಞಾನಿಯಾದಳು, ಆಮೇಲೆ ಪ್ರಯೋಗಾಲಯದ ಮುಖ್ಯಸ್ಥೆಯಾದರು. ಕಚೇರಿಯಲ್ಲಿ ಮೂರ್ಸಲಣ್ಣ ಅವರನ್ನು ಮೇಡಂ ಎನ್ನುತ್ತಿದ್ದರು. ಜೀಪು ಗೇಟು ದಾಟಿದರೆ ತಂಗಿ. ಮೇಡಂ ಮಾತ್ರ ಎಲ್ಲರೆದುರಿಗೂ ಅಣ್ಣ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವಾಗ ಅವರ ದನಿಯಲ್ಲಿ ನಾಟಕ ಇರಲಿಲ್ಲ. ಇದನ್ನು ನಾನು ಈಗಲೂ ಹೇಳುತ್ತೇನೆ.

ಮೇಡಂ ಕಂಡುಹಿಡಿದದ್ದು ಒಂದು ಸರಳವಾದ ಸೋಸುಯಂತ್ರ. ತುಕ್ಕಿನ ಲೇಪ ಕೊಟ್ಟ ಮರಳನ್ನು ಎತ್ತರದ ಕೊಳವೆಯಲ್ಲಿ ತುಂಬಿ ಅದರ ಮೂಲಕ ನೀರು ಹರಿಸುವುದು. ಸೀಸ ತುಕ್ಕಿಗೆ ಅಂಟಿಕೊಳ್ಳುತ್ತದೆ, ನೀರು ಶುದ್ಧವಾಗಿ ಕೆಳಗೆ ಬರುತ್ತದೆ. ವಿದ್ಯುತ್ ಬೇಡ, ದುಬಾರಿ ಸಾಮಾನು ಬೇಡ. ಅದನ್ನು ಪರೀಕ್ಷೆಗೆ ಕೂರಿಸಲು ಆರಿಸಿದ್ದು ಮೂವತ್ತನಾಲ್ಕು ಮನೆಗಳ ಒಂದು ಬೀದಿ. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುವ ಕಾರ್ಖಾನೆಯೊಂದು ಅದರ ಹಿಂದುಗಡೆ ಹಿಂದೆ ಇತ್ತು. ಕಾರ್ಖಾನೆ ಮುಚ್ಚಿತು, ಸೀಸ ನೆಲದೊಳಗೆ ಉಳಿಯಿತು, ಅಲ್ಲಿಂದ ಕೊಳವೆಬಾವಿಗೆ ಇಳಿಯಿತು. ಆ ಬೀದಿಗೆ ವರ್ಷಗಟ್ಟಲೆ ಟ್ಯಾಂಕರಿನಲ್ಲಿ ಕುಡಿಯುವ ನೀರು ಬರುತ್ತಿತ್ತು.

ಸೋಸುಯಂತ್ರದ ಶೆಡ್ಡಿನಿಂದ ಮೂರನೆಯ ಮನೆ ಮೂರ್ಸಲಣ್ಣನ ಅಕ್ಕನದು. ಅಕ್ಕ, ಅವರ ಮಗಳು, ಮೊಮ್ಮಗಳು. ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಬಾಯಿ ಮುಚ್ಚುತ್ತಿದ್ದುದು ನೀರು ಕುಡಿಯುವಾಗ ಮಾತ್ರ ಎಂದು ಅಕ್ಕ ಹೇಳುತ್ತಿದ್ದರು.

ಶೆಡ್ಡಿನ ನಲ್ಲಿ ತೆರೆದ ದಿನ ಬೀದಿಯವರು ಕೊಡ ಹಿಡಿದು ನಿಂತಿದ್ದರು, ಯಾರೂ ತುಂಬಿಸಲಿಲ್ಲ. ಅಕ್ಕ ತಮ್ಮನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದರು: "ಅವರ ಭಾಷಣ ಬಿಡು. ನೀನು ಹೇಳು. ಕುಡೀಬಹುದಾ?"

"ವಾರ ವಾರ ನಾನೇ ಹಿಡೀತೀನಿ ಅಕ್ಕ. ನಾನೇ ಆಸಿಡ್ ಹಾಕ್ತೀನಿ, ನಾನೇ ತಗೊಂಡು ಹೋಗ್ತೀನಿ. ಕುಡೀರಿ."

ಅಕ್ಕ ಮೊದಲ ಕೊಡ ತುಂಬಿಸಿದರು. ಉಳಿದವರು ಹಿಂದೆ ಬಂದರು. ಮುಂದಿನ ತಿಂಗಳು ಟ್ಯಾಂಕರು ನಿಂತಿತು.

ಐದು ತಿಂಗಳು ಅಂಕಿಗಳು ಚೆನ್ನಾಗಿದ್ದವು. ಆರನೆಯ ತಿಂಗಳ ಎರಡನೆಯ ವಾರ ಆ ನಲ್ಲಿಯ ಬಾಟಲಿಯಲ್ಲಿ ಸೀಸ ಮಿತಿಗಿಂತ ನಾಲ್ಕು ಪಟ್ಟು ಬಂತು. ಮತ್ತೆ ಹಾಕಿದೆ, ಅದೇ ಅಂಕಿ. ಮೇಡಂಗೆ ತೋರಿಸಿದೆ. ಅವರು ಕಾಗದವನ್ನು ಬಹಳ ಹೊತ್ತು ನೋಡಿ, "ಬಾಟಲಿ ಕೊಳಕಿರಬೇಕು. ಅಣ್ಣನಿಗೆ ವಯಸ್ಸಾಯ್ತು, ಪಾಪ. ಇದನ್ನ ಬಿಟ್ಟುಬಿಡಿ, ಅವರಿಗೆ ಹೇಳೋದು ಬೇಡ, ನೊಂದ್ಕೋತಾರೆ" ಎಂದರು. ಮೂರ್ಸಲಣ್ಣನ ಬಾಟಲಿ ಕೊಳಕಿರುವುದು ಸಾಧ್ಯವೇ ಎಂದು ನಾನು ಆಗ ಕೇಳಬೇಕಿತ್ತು. ಕೇಳಲಿಲ್ಲ. ಆ ಅಂಕಿಯ ಮೇಲೆ ಗೀಟು ಎಳೆದೆ.

ಮುಂದಿನ ವಾರ ಮೇಡಂ ತಾವೇ ಜೀಪು ಹತ್ತಿ ಅವರ ಜೊತೆ ಹೋದರು. ಎರಡು ವರ್ಷದ ಹಿಂದೆ ಆಸಿಡ್ ಚೆಲ್ಲಿ ಮೂರ್ಸಲಣ್ಣನ ಎಡಗೈ ಸುಟ್ಟಿತ್ತು. ಮಣಿಕಟ್ಟಿನಿಂದ ಮೇಲಕ್ಕೆ ಚರ್ಮ ನುಣ್ಣಗೆ, ಗುಲಾಬಿಯಾಗಿತ್ತು. ಮೇಡಂ ಆ ಕೈ ಹಿಡಿದುಕೊಂಡು ಹೇಳಿದರಂತೆ: "ಅಣ್ಣ, ಈ ವಯಸ್ಸಲ್ಲಿ ನಿಮಗೆ ಆಸಿಡ್ ಸಹವಾಸ ಬೇಡ. ಹೊಸ ವಿಧಾನ ಬಂದಿದೆ. ಈ ನಲ್ಲೀದು ಸುಮ್ನೆ ತುಂಬಿಸಿ ತನ್ನಿ, ಲ್ಯಾಬಲ್ಲಿ ನಾವು ಹಾಕ್ಕೋತೀವಿ."

"ಅಷ್ಟೊತ್ತಿಗೆ ಅಂಟಿಕೊಳ್ಳಲ್ವಾ ತಂಗಿ?"

"ಅದಕ್ಕೂ ದಾರಿ ಇದೆ. ನಾನಿದೀನಲ್ಲ."

ಮಾದರಿಯ ಫಾರ್ಮಿನಲ್ಲಿ ಒಂದು ಸಾಲು ಅಚ್ಚಾಗಿಯೇ ಇರುತ್ತಿತ್ತು: 'ಸ್ಥಳದಲ್ಲಿ ಆಮ್ಲ ಸೇರಿಸಲಾಗಿದೆ: ಹೌದು.' ಅದರ ಕೆಳಗೆ ಮಾದರಿ ಹಿಡಿದವರ ಸಹಿ. ಅದನ್ನೂ ಮೂರ್ಸಲಣ್ಣ ಕೇಳಿದರು. ಹಳೇ ಫಾರ್ಮು ಮುಗಿದ ಮೇಲೆ ಹೊಸದು ಮಾಡಿಸೋಣ, ಅಲ್ಲಿವರೆಗೆ ಇದಕ್ಕೇ ಹಾಕಿ ಎಂದರು ಮೇಡಂ. ಹಾಕಿದರು. ನಾಲ್ಕು ತಿಂಗಳು, ವಾರಕ್ಕೊಂದು.

ಅಂಕಿಗಳು ಮತ್ತೆ ಚೆನ್ನಾದವು. ಲ್ಯಾಬಿನಲ್ಲಿ ಆ ಬಾಟಲಿಗಳಿಗೆ ಯಾರೂ ಆಸಿಡ್ ಹಾಕುತ್ತಿರಲಿಲ್ಲ. ಫಾರ್ಮಿನಲ್ಲಿ 'ಹೌದು' ಇದ್ದುದರಿಂದ ನಾನೂ ಹಾಕಲಿಲ್ಲ. ನನಗೆ ಈ ಬದಲಾವಣೆ ಗೊತ್ತೇ ಇರಲಿಲ್ಲ. ಮೂರ್ಸಲಣ್ಣನಿಗೋ, ನಾನು ಹಾಕುತ್ತೇನೆಂಬ ನಂಬಿಕೆ. ನಮ್ಮಿಬ್ಬರ ಬೆಂಚುಗಳ ನಡುವೆ ಹನ್ನೆರಡು ಹೆಜ್ಜೆ ದೂರವಿತ್ತು.

ಈ ನಡುವೆ ಅಕ್ಕನ ಮನೆಯ ಪಾತ್ರೆಯ ತಳದಲ್ಲಿ ಕೆಂಪು ಕೂರತೊಡಗಿತು. ಅಕ್ಕ ತಮ್ಮನಿಗೆ ಬೆರಳಿನಿಂದ ಒರೆಸಿ ತೋರಿಸಿದರು. ತಮ್ಮ ಬಂದು ಮೇಡಂಗೆ ಹೇಳಿದರು.

"ಬರೀ ಕಬ್ಬಿಣ ಅಣ್ಣ. ಮೈಗೆ ಒಳ್ಳೇದು" ಎಂದರು ಮೇಡಂ.

ಮೂರ್ಸಲಣ್ಣ ಹೋಗಿ ಅಕ್ಕನಿಗೆ ಅದನ್ನೇ ಹೇಳಿದರು.

"ಹಾಗಿದ್ರೆ ನಾಳೆಯಿಂದ ಮಗೂಗೆ ಮೊಳೆ ಚೀಪೋಕೆ ಕೊಡ್ಲಾ?" ಎಂದರು ಅಕ್ಕ.

"ಅಕ್ಕ, ನಾನು ಹೇಳ್ತಿದೀನಲ್ಲ."

"ಸರಿ ಬಿಡು. ನೀನು ಹೇಳ್ತಿದೀಯ ಅಂತ." ಅಕ್ಕ ಪಾತ್ರೆ ತೊಳೆದಿಟ್ಟರು.

ಬಾಟಲಿಗಳನ್ನು ಮತ್ತೆ ಬಳಸುವ ಮೊದಲು ತೆಳು ಆಸಿಡ್ಡಿನಲ್ಲಿ ತೊಳೆಯುತ್ತೇವೆ. ಅದೂ ಮೂರ್ಸಲಣ್ಣನದೇ ಕೆಲಸ, ಬೇರೆಯವರು ತೊಳೆದದ್ದು ಅವರಿಗೆ ಒಗ್ಗುತ್ತಿರಲಿಲ್ಲ. ಒಂದು ಸೋಮವಾರ ಬೆಳಗ್ಗೆ, ತೊಟ್ಟಿಯ ಮೇಲಿನ ಕಿಟಕಿಯಿಂದ ಬಿಸಿಲು ಬೀಳುತ್ತಿದ್ದಾಗ, ಅವರು ಒಂದು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಒಳಗೋಡೆಗೆ ತೆಳ್ಳನೆಯ ಚಹಾ ಬಣ್ಣದ ಪದರ. ಆಸಿಡ್ ಹಾಕಿ ಅಲುಗಿಸಿದರು. ಪದರ ಬಿಟ್ಟು ನೀರು ಹಳದಿಯಾಯಿತು. ಬಾವಿಯ ಬಾಟಲಿ, ಹೊಳೆಯ ಬಾಟಲಿ ಎಲ್ಲ ನೋಡಿದರು. ಅವುಗಳಲ್ಲಿ ಇಲ್ಲ. ಅಕ್ಕನ ಬೀದಿಯ ಬಾಟಲಿಯಲ್ಲಿ ಮಾತ್ರ.

ತೊಳೆದ ನೀರನ್ನು ಚೆಲ್ಲದೆ ನನ್ನ ಬೆಂಚಿಗೆ ತಂದಿಟ್ಟರು. "ಮಿಷಿನ್ ಸಾರ್, ಇದನ್ನೂ ಒಂದು ಗುಟುಕು ಕುಡಿಸಿ ನಿಮ್ಮ ಮಿಷಿನ್‌ಗೆ."

"ಇದು ತೊಳೆದ ನೀರಲ್ವಾ ಅಣ್ಣ?"

"ಮಿಷಿನ್‌ಗೆ ಅಸಹ್ಯ ಆಗಲ್ಲ ತಾನೇ?"

ಹಾಕಿದೆ. ಬಾಟಲಿಯ ಅಳತೆಗೆ ಲೆಕ್ಕ ಹಾಕಿದರೆ ಮಿತಿಯ ಆರು ಪಟ್ಟು ಸೀಸ. ಇದೇ ಬಾಟಲಿಯ ಮೇಲಿನ ನೀರನ್ನು ನಾನು ಹಿಂದಿನ ವಾರ 'ಸುರಕ್ಷಿತ' ಎಂದು ಬರೆದಿದ್ದೆ. ಅವರು ಅಂಕಿ ಕೇಳಿದರು. ಹೇಳಿದೆ. ಆಮೇಲೆ ಅವರು ಆಸಿಡ್ಡಿನ ವಿಷಯ ಹೇಳಿದರು, ನಾನು ಗೀಟು ಎಳೆದ ಅಂಕಿಯ ವಿಷಯ ಹೇಳಿದೆ. ಮೇಡಂ ಬಾಟಲಿ ಕೊಳಕು ಎಂದದ್ದನ್ನೂ ಹೇಳಿದೆ.

ಅದನ್ನು ಕೇಳಿ ಅವರು ಸುಟ್ಟ ಕೈಯನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡರು. "ಕೊಳಕು ಅಂದಳಾ?" ಎಂದರು. "ನನ್ನ ಬಾಟಲಿನಾ?"

ಆಗಿದ್ದು ಇಷ್ಟೇ: ಮರಳಿನ ಮೇಲಿನ ತುಕ್ಕು ಐದು ತಿಂಗಳ ನಂತರ ಉದುರತೊಡಗಿತ್ತು. ಹಿಡಿದಿಟ್ಟ ಸೀಸವನ್ನು ಹೊತ್ತುಕೊಂಡೇ ಉದುರುತ್ತಿತ್ತು. ಕೊಡಕ್ಕೆ ಬೀಳುತ್ತಿದ್ದುದು ಅದು. ಅಕ್ಕನ ಪಾತ್ರೆಯ ಕೆಂಪೂ ಅದೇ.

ಮೂರ್ಸಲಣ್ಣ ಅಂದೇ ಮೇಡಂ ಬಳಿಗೆ ಹೋಗಬಹುದಿತ್ತು, ಅಂದೇ ಬೀದಿಗೆ ಹೇಳಬಹುದಿತ್ತು. ಹೋಗಲಿಲ್ಲ, ಹೇಳಲೂ ಇಲ್ಲ. ಒಂದು ಬಾಟಲಿಯಿಂದ ಏನೂ ಹೇಳಬಾರದು ಎಂಬುದು ಅವರ ಮೂಳೆಯಲ್ಲಿ ಸೇರಿತ್ತು. ಮಂಗಳವಾರ ಒಂದು, ಬುಧವಾರ ಒಂದು ಬಾಟಲಿ ಹಿಡಿದು, ಅಲ್ಲೇ ಆಸಿಡ್ ಹಾಕಿ ತಂದು ಮೂರು ಸಲ ಖಚಿತ ಮಾಡಿಕೊಂಡರು. ಆ ಮೂರು ದಿನ ಬೀದಿ ಆ ನೀರನ್ನೇ ಕುಡಿಯಿತು. ಅಕ್ಕನ ಮನೆಗೆ ಮಾತ್ರ ಅವರು ದಿನಕ್ಕೆರಡು ಕ್ಯಾನ್ ನೀರು ಹೊತ್ತು ತಂದಿಟ್ಟರು. "ಲ್ಯಾಬಿನವರು ಕೊಟ್ರು, ರುಚಿ ನೋಡಿ" ಎಂದರಂತೆ. ಇದನ್ನು ಅವರು ನನಗೆ ಹೇಳಿದ್ದು ಬಹಳ ದಿನದ ಮೇಲೆ, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಗುರುವಾರ ಬೆಳಗ್ಗೆ ಇಬ್ಬರೂ ಮೇಡಂ ಕೋಣೆಗೆ ಹೋದೆವು. ಮೇಜಿನ ಮೇಲೆ ಮೂರು ಅಂಕಿಗಳಿದ್ದ ಕಾಗದ ಇಟ್ಟೆ. ಮೇಡಂ ಓದಿದರು. ಗಾಬರಿಯಾಗಲಿಲ್ಲ, ದಣಿದವರ ಹಾಗೆ ಕಂಡರು.

"ಕೂತ್ಕೊಳ್ಳಿ ಅಣ್ಣ."

ಮೂರ್ಸಲಣ್ಣ ಕೂರಲಿಲ್ಲ. "ನಿಮಗೆ ಗೊತ್ತಿತ್ತಾ?"

"ಮರಳಿನ ಲೇಪ ಬದಲಾಯಿಸ್ತಿದೀನಿ. ಹೊಸ ಲೇಪ ಉದುರಲ್ಲ. ಇದು ನಲವತ್ತು ಬೀದಿಗೆ ಹೋಗಬೇಕಾದ ಕೆಲಸ ಅಣ್ಣ. ಈಗ ಒಂದು ಕೆಟ್ಟ ಅಂಕಿ ಹೊರಗೆ ಹೋದ್ರೆ ಎಲ್ಲಾ ನಿಂತುಹೋಗುತ್ತೆ, ಆ ಬೀದಿಯವರೆಲ್ಲ ಸೀಸದ ಬಾವಿ ನೀರನ್ನೇ ಕುಡೀತಾರೆ. ಎರಡು ತಿಂಗಳು ಕೊಡಿ."

"ಎರಡು ತಿಂಗಳು ನಮ್ಮಕ್ಕನ ಬೀದಿಯವರು ಏನು ಕುಡೀಬೇಕು?"

ಮೇಡಂ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು.

"ಆಸಿಡ್ ಹಾಕಿಲ್ಲ ಅಂದ್ರೆ ಬಾಟಲಿ ಸುಳ್ಳು ಹೇಳುತ್ತೆ ಅಂತ ನೀನೇ ಹೇಳಿಕೊಟ್ಟಿದ್ದು ತಂಗಿ." ಆ ಕೋಣೆಯಲ್ಲಿ ಅವರು ತಂಗಿ ಎಂದದ್ದು ಅದೇ ಮೊದಲು. "ನನ್ನ ಕೈ ನೋಡಿ ಮರುಗಿದೆ ಅಂದ್ಕೊಂಡೆ."

"ಮರುಗಿದ್ದು ಸುಳ್ಳಲ್ಲ" ಎಂದರು ಮೇಡಂ. ಕಣ್ಣು ಒದ್ದೆಯಾಗಿತ್ತು. ಆದರೂ ಕಪಾಟಿನಿಂದ ಒಂದು ಕಡತ ತೆಗೆದು ತೆರೆದಿಟ್ಟರು. ಹದಿನೇಳು ಫಾರ್ಮುಗಳು. ಒಂದೊಂದರಲ್ಲೂ 'ಹೌದು', ಒಂದೊಂದರಲ್ಲೂ ಮೂರ್ಸಲಣ್ಣನ ಸಹಿ, ದುಂಡಗೆ, ದಿನಾಂಕದ ಸಮೇತ. "ಇದು ಹೊರಗೆ ಬಂದ್ರೆ ಯಾರು ಹಾಕಲಿಲ್ಲ ಅಂತ ಕೇಳ್ತಾರೆ. ನನ್ನ ಸಹಿ ಎಲ್ಲೂ ಇಲ್ಲ ಅಣ್ಣ. ನಿಮಗೆ ನಿವೃತ್ತಿಗೆ ಹನ್ನೊಂದು ತಿಂಗಳಿದೆ. ಯೋಚನೆ ಮಾಡಿ."

ಮೂರ್ಸಲಣ್ಣ ಫಾರ್ಮುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಕೊನೆಯದನ್ನು ನೋಡಿ ಕಡತ ಮುಚ್ಚಿ, ಅಂಚು ಸರಿಮಾಡಿ ಇಟ್ಟರು. "ಬರ್ತೀನಿ ಮೇಡಂ" ಎಂದರು. ಆಮೇಲೆ ಅವರ ಬಾಯಲ್ಲಿ ತಂಗಿ ಎಂಬ ಮಾತು ನಾನು ಕೇಳಿಲ್ಲ.

ಬೀದಿಗೆ ಜೀಪಿನಲ್ಲಿ ಹೋಗಲಿಲ್ಲ, ಬಸ್ಸಿನಲ್ಲಿ ಹೋದೆವು. ಮೊದಲು ಶೆಡ್ಡಿನ ನಲ್ಲಿಗೆ ಯಾರೂ ತೆರೆಯದಂತೆ ತಂತಿ ಸುತ್ತಿದರು. ಆಮೇಲೆ ಅಕ್ಕನ ಬಾಗಿಲಿಗೆ ಹೋದರು. ಅಕ್ಕ ಮೊಮ್ಮಗಳ ತಲೆ ಬಾಚುತ್ತಿದ್ದರು.

"ಅಕ್ಕ, ಆ ನೀರು ಕುಡೀಬೇಡಿ. ಸೀಸ ಇದೆ. ನಾಲ್ಕು ತಿಂಗಳಿಂದ ಇದೆ."

ಬಾಚಣಿಗೆ ನಿಂತಿತು. "ಕಬ್ಬಿಣ ಅಂದೆ?"

"ಅಂದೆ."

"ಅದಕ್ಕೇ ಕ್ಯಾನ್ ತಂದಿಟ್ಯಾ? ಸೋಮವಾರದಿಂದ?"

ಅವರು ಹೌದೆಂದು ತಲೆಯಾಡಿಸಿದರು. ಅಕ್ಕ ಮಗುವಿನ ಜಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. "ನೀನು ಹೇಳಿದ್ದಕ್ಕೇ ಕುಡಿದ್ವಲ್ಲೋ. ಆ ಮೇಡಂ ಮುಖ ನೋಡಿ ಕುಡಿದ್ವಾ? ನಿನ್ನ ಮುಖ ನೋಡಿ."

ಉಳಿದ ಮೂವತ್ತಮೂರು ಬಾಗಿಲುಗಳನ್ನೂ ಅವರು ತಟ್ಟಿದರು. ಎಲ್ಲ ಕಡೆ ಒಂದೇ ಮಾತು: "ನಾನು ತಂದ ಬಾಟಲಿ ಸುಳ್ಳು ಹೇಳಿತು. ಕುಡೀಬೇಡಿ. ಕುದಿಸಿದ್ರೂ ಹೋಗಲ್ಲ." ಮೇಡಂ ಹೆಸರು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ. "ಅವರು ಕುಡಿದದ್ದು ಅವಳನ್ನ ನಂಬಿ ಅಲ್ಲ" ಎಂದರು. ಹತ್ತನೆಯ ಮನೆಯ ಟೈಲರು ಮಾತ್ರ ಕತ್ತರಿ ಕೆಳಗಿಡದೆ ಕೇಳಿದ್ದ: "ಅಕ್ಕನ ಮನೆಗೆ ಕ್ಯಾನ್ ಹೊತ್ಕೊಂಡು ಹೋಗೋದು ನೋಡಿದೆ ಅಣ್ಣ. ನಮ್ಮನೆ ಅಷ್ಟು ದೂರ ಇತ್ತಾ?"

ಮುಂದಿನದು ಮೇಡಂ ಬರೆದ ಪತ್ರಗಳ ಕಾಲ. ಕ್ಷೇತ್ರ ಸಹಾಯಕರು, ಅಂದರೆ ಮೂರ್ಸಲಣ್ಣ, ನಿಯಮದಂತೆ ಆಮ್ಲ ಸೇರಿಸದೆ, ಸೇರಿಸಿದ್ದಾಗಿ ಸುಳ್ಳು ಸಹಿ ಮಾಡಿದ್ದಾರೆ ಎಂದು ಒಂದು ಪತ್ರ. ತನಿಖೆ ಮುಗಿಯುವವರೆಗೆ ಅಮಾನತು ಎಂದು ಇನ್ನೊಂದು. ಅವುಗಳಲ್ಲಿ ಎಲ್ಲೂ ಅಣ್ಣ ಎಂದಿರಲಿಲ್ಲ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ನಾನು ಗೀಟು ಎಳೆದ ಅಂಕಿಯ ಬಗ್ಗೆ ಬರೆದುಕೊಟ್ಟೆ. ಅದು ಕಡತದಲ್ಲಿದೆ ಎಂದು ತಿಳಿಸಿದರು, ಅಷ್ಟೇ.

ಮೊಮ್ಮಗಳ ರಕ್ತದಲ್ಲಿ ಸೀಸ ಇರಬಾರದಷ್ಟು ಇತ್ತು. ಇನ್ನು ಆ ನೀರು ಬೇಡ, ಚೆನ್ನಾಗಿ ಊಟ ಕೊಡಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು ವೈದ್ಯರು. ಅಕ್ಕ ತಮ್ಮನ ಜೊತೆ ಮಾತು ಬಿಟ್ಟರು. ಅವರು ದಿನವೂ ಎರಡು ಕ್ಯಾನ್ ತಂದು ಹೊಸ್ತಿಲ ಬಳಿ ಇಡುತ್ತಿದ್ದರು. ಟೈಲರನ ಮನೆಗೂ ಎರಡು. ಟ್ಯಾಂಕರು ಮತ್ತೆ ಬರುವವರೆಗೆ ಅದು ನಡೆಯಿತು.

ಕೊನೆಗೆ ತನಿಖೆಗಾಗಿ ಹೊರಗಿನ ಪ್ರಯೋಗಾಲಯವೊಂದರಿಂದ ಮಾದರಿ ಹಿಡಿಯಲು ಒಬ್ಬ ನಡುವಯಸ್ಸಿನ ಮನುಷ್ಯ ಬಂದ. ಬೀದಿಯವರು ಸುತ್ತ ನಿಂತಿದ್ದರು. ಅಮಾನತಾದವರು ಹತ್ತಿರ ಬರಬಾರದೆಂದು ಮೂರ್ಸಲಣ್ಣನನ್ನು ಎದುರು ಬದಿಯ ಗೋಡೆಯ ಬಳಿ ನಿಲ್ಲಿಸಿದ್ದರು. ನಾನು ಅವರ ಪಕ್ಕದಲ್ಲಿದ್ದೆ. ಬಂದವ ತಂತಿ ಬಿಚ್ಚಿ, ನೀರು ಬಿಟ್ಟು, ಬಾಟಲಿಯನ್ನು ಒಂದು ಸಲ ಜಾಲಿಸಿ ತುಂಬಿಸಲು ಹೊರಟ.

"ಏನಪ್ಪಾ, ಮೂರು ಸಲ ಜಾಲಿಸು" ಎಂದರು ಅಕ್ಕ.

ಆತ ನಕ್ಕು, ಇನ್ನೂ ಎರಡು ಸಲ ಜಾಲಿಸಿದ. ಬಾಟಲಿ ತುಂಬಿಸಿ, ಸಣ್ಣ ಶೀಶೆ ತೆಗೆದು ಆಸಿಡ್ ಹನಿ ಬಿಟ್ಟ. ಮೂರ್ಸಲಣ್ಣ ತುಟಿಯಲ್ಲೇ ಹನಿ ಎಣಿಸಿದರು. ಆಮೇಲೆ ಆತ ಫಾರ್ಮನ್ನು ಅಕ್ಕನ ಮುಂದೆ ಹಿಡಿದು, ಬೀದಿಯವರ ಪರವಾಗಿ ಸಾಕ್ಷಿ ಸಹಿ ಬೇಕು, ಇಲ್ಲಿ ಹಾಕಿ ಸಾಕು ಎಂದ.

ಅಕ್ಕ ಪೆನ್ನು ತೆಗೆದುಕೊಳ್ಳಲಿಲ್ಲ. ಫಾರ್ಮನ್ನು ತೆಗೆದುಕೊಂಡು, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದತೊಡಗಿದರು. ಬಹಳ ಹೊತ್ತಾಯಿತು. ಆತ ಗಡಿಯಾರ ನೋಡಿದ.

"ತಡಿಯಪ್ಪಾ" ಎಂದರು ಅಕ್ಕ, ನಮ್ಮ ಕಡೆ ನೋಡದೆ, ನಮಗೆ ಕೇಳುವಷ್ಟು ಗಟ್ಟಿಯಾಗಿ. "ನಮ್ಮ ಮನೇಲಿ ಓದದೆ ಸಹಿ ಹಾಕಿದೋನು ಒಬ್ಬ ಸಾಕು."

ಬೀದಿಯವರಲ್ಲಿ ಯಾರೋ ನಕ್ಕರು. ಅಕ್ಕ ಓದಿ ಮುಗಿಸಿ ಸಹಿ ಹಾಕಿ, ಮೊಮ್ಮಗಳ ಕೈ ಹಿಡಿದುಕೊಂಡು ಒಳಗೆ ಹೋದರು.

ಮೂರ್ಸಲಣ್ಣ ಗೋಡೆಗೆ ಒರಗಿ ನಿಂತೇ ಇದ್ದರು. ನಲ್ಲಿಗೆ ಮತ್ತೆ ತಂತಿ ಸುತ್ತಿ ಆತ ಹೊರಟುಹೋದ ಮೇಲೆ ನನ್ನ ಕಡೆ ತಿರುಗಿದರು.

"ಓದದೆ ಹಾಕಲಿಲ್ಲ ಮಿಷಿನ್ ಸಾರ್. ಹದಿನೇಳು ಸಲಾನೂ ಓದಿದೆ. 'ಹೌದು' ಅಂತ ಇತ್ತು, ಅಲ್ಲ ಅಂತ ನನಗೆ ಗೊತ್ತಿತ್ತು. ಅವಳು ಹೇಳಿದಾಳಲ್ಲ ಅಂತ ಹಾಕಿದೆ."

"ಇದನ್ನ ಅಕ್ಕನಿಗೆ ಹೇಳಬೇಕು" ಎಂದು ರಸ್ತೆ ದಾಟಿದರು. ಬಾಗಿಲು ಮುಚ್ಚಿತ್ತು. ಅವರು ತಟ್ಟಿದರು.